ಪರದೆಯ ಮನೆಯೂ ಪಕ್ಕದ ಮನೆಯೂ



‘ಬಿಗ್ ಬಾಸ್’ ಪ್ರಸಾರವಾಗುವ ತಿಂಗಳುಗಳಲ್ಲಿ ಸೋಲದೇವನಹಳ್ಳಿಯ ಯಾವುದಾದರೂ ಬೀದಿಯಲ್ಲಿ ರಾತ್ರಿ ಹೊತ್ತು ನಡೆದು ನೋಡಿ. ಒಂದು ಕಿಟಕಿಯಿಂದ ಕೇಳಿದ ಜಗಳವೇ ಮುಂದಿನ ಕಿಟಕಿಯಿಂದಲೂ ಕೇಳಿಸುತ್ತದೆ. ಮನೆಗಳಲ್ಲಿ ಹಿರಿಯರು ಟಿ.ವಿ.ಯ ಮುಂದೆ, ಪಿ.ಜಿ.ಗಳಲ್ಲಿ ವಿದ್ಯಾರ್ಥಿಗಳು ಮೊಬೈಲಿನ ಮುಂದೆ. ಮರುದಿನ ಚಹಾದಂಗಡಿಯಲ್ಲಿ ಅದರದೇ ವಿಚಾರಣೆ, ಅದರದೇ ತೀರ್ಪು. ನೋಡುವವರಲ್ಲಿ ನಾವೂ ಇದ್ದೇವೆ, ನಮ್ಮ ಮನೆಯವರೂ ಇದ್ದಾರೆ.

ನೋಡುವವರ ಅಭಿರುಚಿಯೇ ಕೀಳೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ನ್ಯಾಯವಲ್ಲ.

ಇದರ ಮೂಲ 1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಆರಂಭವಾದ ‘ಬಿಗ್ ಬ್ರದರ್’. ಆ ಹೆಸರು ಬಂದದ್ದು ಜಾರ್ಜ್ ಆರ್ವೆಲ್ಲರ 1949ರ ಕಾದಂಬರಿಯಿಂದ. ಅಲ್ಲಿ ಎಲ್ಲರ ಮೇಲೂ ಕಣ್ಣಿಟ್ಟ ಪ್ರಭುತ್ವಕ್ಕೆ ಜನ ನಡುಗುತ್ತಿದ್ದರು. 2013ರಲ್ಲಿ ಸುದೀಪರ ನಿರೂಪಣೆಯೊಂದಿಗೆ ಅದು ಕನ್ನಡಕ್ಕೆ ಬಂದಾಗ ಆ ಕಣ್ಣು ನಮ್ಮದೇ ಆಗಿತ್ತು.

ಹಾಗಾದರೆ ಸಾಮಾನ್ಯನನ್ನು ಸೆಳೆಯುವುದಾದರೂ ಏನು? ಮೊದಲನೆಯದು, ತನ್ನಂಥವನನ್ನು ಕಾಣುವ ಸಂತೋಷ. ಆರನೆಯ ಆವೃತ್ತಿಯಲ್ಲಿ ರೈತ ಶಶಿಕುಮಾರ್ ಗೆದ್ದರು. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಕುರಿಗಾಹಿ ಗಾಯಕ ಹನುಮಂತ ಗೆದ್ದರು. ಸಿರಿವಂತರ, ತಾರೆಯರ ಮಾತೇ ನಡೆಯುವ ಲೋಕದಲ್ಲಿ ‘ನಮ್ಮವನೊಬ್ಬ ಗೆದ್ದ’ ಎಂಬ ಹಿಗ್ಗಿನಲ್ಲಿ ತಪ್ಪೇನಿದೆ? ಎರಡನೆಯದು, ಮನುಷ್ಯನ ನಿಜವನ್ನು ತಿಳಿಯುವ ಹಂಬಲ. ಹಸಿವಾದಾಗ, ಸಿಟ್ಟು ಬಂದಾಗ, ಗೆಳೆಯನೇ ಕೈಬಿಟ್ಟಾಗ ಇವನೇನು ಮಾಡುತ್ತಾನೆ ಎಂದು ನೋಡುತ್ತಲೇ ನಾವು ನಮ್ಮನ್ನೂ ಅಳೆದುಕೊಳ್ಳುತ್ತೇವೆ.

ಮೂರನೆಯ ಕಾರಣವನ್ನು ಮಾತ್ರ ನಾವು ಒಪ್ಪಿಕೊಳ್ಳುವುದಿಲ್ಲ. ಪಕ್ಕದ ಮನೆಯವರು ಅತ್ತರೆ ಎದ್ದು ಹೋಗಬೇಕು, ನಾಲ್ಕು ಸಮಾಧಾನದ ಮಾತು ಹೇಳಬೇಕು, ಕೆಲವೊಮ್ಮೆ ಸಾಲವನ್ನೂ ಕೊಡಬೇಕು. ಪರದೆಯ ಮೇಲೆ ಅತ್ತರೆ ಏಳಬೇಕಾಗಿಲ್ಲ. ಯಾವ ಹೊಣೆಯೂ ಇಲ್ಲದ ಆಪ್ತತೆ ಅದು, ಯಾರಿಗೂ ಉತ್ತರ ಹೇಳಬೇಕಿಲ್ಲದ ನ್ಯಾಯಾಧೀಶನ ಪೀಠ ಅದು.

‘ಬಿಗ್ ಬಾಸ್’ ಬರುವ ಮೊದಲೇ ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಎಂಬ ಕಾರ್ಯಕ್ರಮವಿತ್ತು. ಎಚ್.ಡಿ. ಕೋಟೆ ತಾಲೂಕಿನ ಹಾಡಿಯಿಂದ ಬಂದ ರಾಜೇಶ್ ಅದರಲ್ಲಿ ಗೆದ್ದು ಸಿನಿಮಾ ನಾಯಕನೂ ಆದರು. 2013ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡರು. ಆ ಸಾವಿಗೆ ಕಾರ್ಯಕ್ರಮವೇ ಕಾರಣವೆಂದು ನಾನು ಹೇಳುತ್ತಿಲ್ಲ. ನನ್ನ ಪ್ರಶ್ನೆ ಬೇರೆ: ಅವರ ಮುಗ್ಧತೆಗೆ ನಕ್ಕ ನಾವು, ಪರದೆ ಆರಿದ ಮೇಲೆ ಒಮ್ಮೆಯಾದರೂ ಅವರ ಕುರಿತು ಯೋಚಿಸಿದ್ದೆವೇ?

‘ಅವರೇ ಒಪ್ಪಿ, ಸಹಿ ಹಾಕಿ ಬಂದಿದ್ದಾರಲ್ಲ’ ಎಂದು ನೀವು ಕೇಳಬಹುದು. ನಿಜ. ಅವರ ಒಪ್ಪಿಗೆ ಅವರ ಮನೆಯ ಬಾಗಿಲನ್ನು ತೆರೆಯಿತು, ನಮ್ಮ ನಾಲಗೆಗೆ ಪರವಾನಗಿ ಕೊಡಲಿಲ್ಲ. ಪವಿತ್ರ ಕುರ್‌ಆನಿನ ಹುಜುರಾತ್ ಅಧ್ಯಾಯದ 12ನೇ ಸೂಕ್ತವು ಗುಮಾನಿ, ಗುಟ್ಟು ಕೆದಕುವಿಕೆ ಮತ್ತು ಪರದೂಷಣೆಯ ವಿರುದ್ಧ ಒಟ್ಟಿಗೇ ಎಚ್ಚರಿಸುತ್ತದೆ. ಒಂದು ಇನ್ನೊಂದಕ್ಕೆ ಹೇಗೆ ದಾರಿ ಮಾಡುತ್ತದೆಂಬುದನ್ನು ಚಹಾದಂಗಡಿಯ ಅರ್ಧ ಗಂಟೆಯ ಮಾತಿನಲ್ಲೇ ಕಾಣಬಹುದು.

ಇನ್ನೊಬ್ಬರ ಬದುಕನ್ನು ಅರಿಯುವ ಹಂಬಲವೇ ಕೆಟ್ಟದ್ದಲ್ಲ. ಕರುಣೆಯೂ ಅಲ್ಲಿಂದಲೇ ಹುಟ್ಟುತ್ತದೆ. ಅದು ನೋಟದಲ್ಲೇ ನಿಂತುಬಿಟ್ಟರೆ ಮಾತ್ರ ಹೃದಯ ಒಣಗುತ್ತದೆ. ಪರದೆಯ ಮನೆಯವರ ಹೆಸರುಗಳೆಲ್ಲ ನಿಮಗೆ ಬಾಯಿಪಾಠವಾಗಿರಬಹುದು. ನಿಮ್ಮ ಮಹಡಿಯ ಮೇಲೆ ಬಾಡಿಗೆಗಿರುವ, ದೂರದ ಊರಿನಿಂದ ಓದಲು ಬಂದ ಆ ಹುಡುಗನ ಹೆಸರು ಗೊತ್ತೇ? ಅವನು ಊಟ ಮಾಡಿದನೇ? ಇಂದು ರಾತ್ರಿ ಆ ಬಾಗಿಲನ್ನು ಒಮ್ಮೆ ತಟ್ಟಿ ನೋಡಿ.