ಧ್ರುವನಿಲ್ಲದ ಆಕಾಶ

1907ನೆಯ ಇಸವಿಯ ಅಕ್ಟೋಬರ್ ಮಾಸದ ಆದಿಯಲ್ಲಿ ಹವಾಯಿ ದ್ವೀಪದ ಹಿಲೋ ರೇವಿನಿಂದ ‘ಸ್ನಾರ್ಕ್’ ಎಂಬ ಚಿಕ್ಕ ಹಾಯಿಹಡಗೊಂದು ದಕ್ಷಿಣಾಭಿಮುಖವಾಗಿ ಹೊರಟಿತು. ನೀರಿನ ಮಟ್ಟದಲ್ಲಿ ಅಳೆದರೆ ಅದರ ಉದ್ದ 45 ಅಡಿ. ಅದರ ಒಡೆಯನು ಅಮೆರಿಕದ ಕಾದಂಬರಿಕಾರ ಜಾಕ್ ಲಂಡನ್. ಸಂಗಡ, ಕೈಹಿಡಿದು ಇನ್ನೂ ಎರಡು ವರ್ಷ ತುಂಬದಿದ್ದ ಪತ್ನಿ ಚಾರ್ಮಿಯನ್. ಇವರಲ್ಲದೆ ಕಪ್ತಾನನೂ ಕೆಲವರು ನಾವಿಕರೂ ಇದ್ದರು. ಅವರು ಸೇರಬೇಕಾಗಿದ್ದುದು ವಿಷುವದ್ರೇಖೆಯಾಚೆಯ ಮಾರ್ಕೇಸಸ್ ದ್ವೀಪಸಮೂಹದ ನೂಕು ಹೀವಾವನ್ನು. ನೇರವಾಗಿ ಎಣಿಸಿದರೆ ಸುಮಾರು ಎರಡು ಸಾವಿರ ಮೈಲಿಯ ದಾರಿ. ಆದರೆ ರೇಖೆಯ ಎರಡು ಮಗ್ಗುಲಲ್ಲಿಯೂ ವಾಣಿಜ್ಯ ಮಾರುತಗಳು ಮೂಡಣ ದಿಕ್ಕಿನಿಂದಲೇ ಬೀಸುವ ಆ ಸಮುದ್ರದಲ್ಲಿ, ಮೂಡಣಕ್ಕೇ ಹದಿನೈದು ಅಂಶಗಳಷ್ಟು ಸರಿಯಬೇಕಾದ ಹಡಗಿಗೆ ಗಾಳಿಯೇ ಪ್ರತಿಕಕ್ಷಿಯಾದುದರಿಂದ, ಹಾಯಿಯನ್ನೇ ನಂಬಿದವರು ಈ ಮಾರ್ಗವನ್ನು ಹಿಡಿಯುವುದು ವಿರಳವಾಗಿತ್ತು. ಡಿಸೆಂಬರ್ ತಿಂಗಳ ಮೊದಲಲ್ಲಿ, ಸುಮಾರು ಅರವತ್ತು ದಿನಗಳ ತರುವಾಯ, ಅವರು ನೂಕು ಹೀವಾದ ತಾಯೋಹಾಯೆ ಕೊಲ್ಲಿಯಲ್ಲಿ ಲಂಗರು ಇಳಿಸಿದರು.

ಈ ಯಾನವನ್ನು ಕುರಿತು ದಂಪತಿಗಳಿಬ್ಬರೂ ಪ್ರತ್ಯೇಕವಾಗಿ ಗ್ರಂಥಗಳನ್ನು ಬರೆದಿದ್ದಾರೆ. ಸಾಹಸದ ವಿವರಗಳನ್ನು ಬಯಸುವವರು ಅಲ್ಲಿ ನೋಡಬಹುದು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿರುವುದು ಆ ದಾರಿಯ ಮೇಲಿನ ಆಕಾಶ. ಧ್ರುವನಕ್ಷತ್ರವು ದಿಗಂತದಿಂದ ಎಷ್ಟು ಅಂಶ ಮೇಲಿರುವುದೋ ನೋಡುವವನು ವಿಷುವದ್ರೇಖೆಯಿಂದ ಉತ್ತರಕ್ಕೆ ಸುಮಾರಾಗಿ ಅಷ್ಟೇ ಅಂಶ ದೂರದಲ್ಲಿರುವನೆಂಬುದು ನಾವಿಕಶಾಸ್ತ್ರದ ಪ್ರಥಮ ಪಾಠಗಳಲ್ಲೊಂದು. ಹಿಲೋದಲ್ಲಿ ಅದು ಇಪ್ಪತ್ತು ಅಂಶಗಳ ಎತ್ತರದಲ್ಲಿ ಬೆಳಗುತ್ತದೆ. ನೌಕೆ ದಕ್ಷಿಣಕ್ಕೆ ಒಂದೊಂದು ಅಂಶ ಸರಿದಂತೆ ತಾನೂ ಒಂದೊಂದು ಅಂಶ ಇಳಿಯುತ್ತ, ರೇಖೆಯ ಸಮೀಪದಲ್ಲಿ ಕಡಲಿನ ಮಬ್ಬಿನೊಳಗೆ ಕಾಣದಾಗಿ, ಅಲ್ಲಿಂದ ಮುಂದೆ ದಿಗಂತದ ಕೆಳಗೆ ಮುಳುಗಿಬಿಡುತ್ತದೆ.

ನಮ್ಮ ವಿವಾಹವಿಧಿಯಲ್ಲಿ ವರನು ವಧುವಿಗೆ ತೋರಿಸುವುದು ಇದೇ ಧ್ರುವನನ್ನು. ಅದರಂತೆ ಅಚಲವಾಗಿರು, ಅಚಲರಾಗಿರೋಣ ಎಂಬುದು ಆ ದರ್ಶನದ ಭಾವ. ಹಾಗಾದರೆ, ಯಾವ ಅಚಲತೆಯನ್ನು ಸಾಕ್ಷಿಯಾಗಿಟ್ಟುಕೊಂಡು ಇಬ್ಬರು ಒಬ್ಬರಿಗೊಬ್ಬರು ಮಾತು ಕೊಟ್ಟರೋ ಆ ಸಾಕ್ಷಿಯೇ ಕಣ್ಣಿಗೆ ಮರೆಯಾಗುವಷ್ಟು ದೂರ ಅವರು ಸಾಗಿಹೋದರೆ, ಮಾತು ಯಾವುದರ ಮೇಲೆ ನಿಲ್ಲಬೇಕು? ಲಂಡನ್ ಭೌತವಾದಿ, ಈ ಪ್ರಶ್ನೆಯನ್ನು ಅವನು ಹೀಗೆ ಕೇಳಿಕೊಳ್ಳುತ್ತಿರಲಿಲ್ಲ. ಆದರೆ ನಕ್ಷತ್ರವನ್ನು ಸಾಕ್ಷಿಯಾಗಿ ಕರೆದ ಪರಂಪರೆಯವರಾದ ನಾವು ಕೇಳದೆ ಇರಲಾರೆವು.

ವೇದಾಂತದ ಕಡೆಯಿಂದ ಉತ್ತರವೊಂದು ಕೂಡಲೇ ಬರುತ್ತದೆ. ಮರೆಯಾದದ್ದು ನಕ್ಷತ್ರ, ಅಕ್ಷವಲ್ಲ. ದಕ್ಷಿಣದ ಆಕಾಶದಲ್ಲಿಯೂ ಸಕಲ ತಾರೆಗಳು ಒಂದು ಬಿಂದುವನ್ನು ಸುತ್ತುತ್ತವೆ. ಭೇದವಿಷ್ಟೆ, ಆ ಬಿಂದುವಿನಲ್ಲಿ ಗುರುತಿಸುವಂತಹ ಉಜ್ಜ್ವಲ ನಕ್ಷತ್ರವೊಂದಿಲ್ಲ. ನಾವು ತ್ರಿಶಂಕುವೆಂದು ಕರೆಯುವ ತಾರಾಸಮೂಹದ ನೀಳವಾದ ರೇಖೆಯನ್ನು ಅದರ ನಾಲ್ಕೂವರೆಯಷ್ಟು ಮುಂದಕ್ಕೆಳೆದು ನಾವಿಕರು ಆ ಬರಿದಾದ ಸ್ಥಾನವನ್ನು ಊಹಿಸಿಕೊಳ್ಳುತ್ತಾರೆ. ಉತ್ತರದ ಧ್ರುವಸ್ಥಾನ ಸಗುಣ, ದಕ್ಷಿಣದ್ದು ನಿರ್ಗುಣ ಎಂದರೆ ಸಲ್ಲದ ಮಾತಲ್ಲ. ಅಷ್ಟೇ ಅಲ್ಲ, ಸಗುಣವಾದ ಆ ಧ್ರುವನೂ ಬಿಂದುವಿನಿಂದ ತುಸು ಸರಿದಿದ್ದು ತಾನೂ ಒಂದು ಸಣ್ಣ ವೃತ್ತದಲ್ಲಿ ತಿರುಗುತ್ತಾನೆ. ಭೂಮಿಯ ಅಕ್ಷವೇ ಸುಮಾರು 26,000 ವರ್ಷಗಳಿಗೊಮ್ಮೆ ಆಕಾಶದಲ್ಲಿ ಒಂದು ಸುತ್ತು ಬರುವುದರಿಂದ ಧ್ರುವಪದವಿಯೂ ಒಂದು ನಕ್ಷತ್ರದಿಂದ ಮತ್ತೊಂದಕ್ಕೆ ಸಲ್ಲುತ್ತದೆ. ಜರ್ಮನ್ ವಿದ್ವಾಂಸ ಹರ್ಮನ್ ಯಾಕೋಬಿ ಈ ವಿವಾಹವಿಧಿಯನ್ನೇ ಆಧಾರವಾಗಿಟ್ಟುಕೊಂಡು, ವಿಧಿ ಹುಟ್ಟಿದ ಕಾಲದ ಧ್ರುವನು ಇಂದಿನವನಲ್ಲ, ಐದು ಸಾವಿರ ವರ್ಷಗಳ ಹಿಂದೆ ಆ ಸ್ಥಾನದ ಸಮೀಪದಲ್ಲಿದ್ದ ಬೇರೊಂದು ತಾರೆಯೆಂದು ವಾದಿಸಿದನು. ವಿದ್ವಾಂಸರೆಲ್ಲ ಅದನ್ನು ಒಪ್ಪಿದರೆಂದಲ್ಲ. ನಮ್ಮ ವಿಚಾರಕ್ಕೆ ಬೇಕಾದುದು, ನಕ್ಷತ್ರ ಬದಲಾದರೂ ಪ್ರತಿಜ್ಞೆ ಬದಲಾಗದೆ ನಡೆದುಬಂತೆಂಬ ಸಂಗತಿ.

ಉತ್ತರ ಸತ್ಯವೇ. ಆದರೂ ಅದು ದಂಪತಿಗಳಿಗೆ ಸಾಲದು, ಬಹಳ ತಣ್ಣಗಿದೆ ಎಂದು ನನಗೆ ತೋರುತ್ತದೆ. ಅಕ್ಷವನ್ನು ಏಕಾಂಗಿಯಾದ ಯತಿಯೂ ಧ್ಯಾನಿಸಬಲ್ಲನು. ಅದಕ್ಕೆ ಇನ್ನೊಂದು ಜೀವ ಬೇಕಿಲ್ಲ. ಸ್ನಾರ್ಕಿನಲ್ಲಿ ನಡೆದುದಾದರೋ ಬೇರೆ. ಚಾರ್ಮಿಯನ್ ಪ್ರಯಾಣಿಕಳಾಗಿ ಕುಳಿತಿದ್ದವಳಲ್ಲ. ತನ್ನ ಸರದಿಯಲ್ಲಿ ಆಕೆಯೂ ಚುಕ್ಕಾಣಿ ಹಿಡಿಯುತ್ತಿದ್ದಳು. ಚುಕ್ಕಾಣಿ ಹಿಡಿದವರು ನಿಶ್ಚಲವಾಗಿರುವುದಿಲ್ಲ. ಪ್ರತಿಯೊಂದು ಅಲೆಯೂ ಮೂತಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಪ್ರತಿಯೊಂದು ಸಲವೂ ಅದನ್ನು ತಿರುಗಿ ದಾರಿಗೆ ತರಬೇಕು. ಆ ಹೊತ್ತಿನಲ್ಲಿ ಕೆಳಗಿನ ಕೋಣೆಯಲ್ಲಿ ಇನ್ನೊಬ್ಬರು ನಿದ್ರಿಸುತ್ತಾರೆ. ಹಲಗೆಯೊಂದರ ಆಚೆಗೆ ತಳಕಾಣದ ಸಮುದ್ರವಿರುವಾಗ ನಿದ್ರಿಸುವುದು, ಎಚ್ಚರವಿರುವವರ ಕೈಗೆ ಪ್ರಾಣವನ್ನು ಒಪ್ಪಿಸಿಕೊಡುವುದೇ ಆಗಿದೆ. ಶ್ರದ್ಧೆಯ ಇದಕ್ಕಿಂತ ಪೂರ್ಣವಾದ ರೂಪವನ್ನು ನಾನು ಬಲ್ಲೆನೆಂದು ಹೇಳಲಾರೆ. ಒಮ್ಮೆ ಬಿರುಸಾದ ಕಡಲಿನಲ್ಲಿ ಯಾರೋ ತೆರೆದಿಟ್ಟ ನಲ್ಲಿಯಿಂದ ಸಿಹಿನೀರಿನಲ್ಲಿ ಅರ್ಧದಷ್ಟು ಹರಿದುಹೋಯಿತು. ಮಳೆಯು ಬಂದು ತೊಟ್ಟಿಗಳು ಮತ್ತೆ ತುಂಬುವವರೆಗೆ ಎಲ್ಲರೂ ಅಳೆದುಕೊಟ್ಟ ನೀರಿನಲ್ಲಿಯೇ ದಿನ ಕಳೆಯಬೇಕಾಯಿತು. ಅಂತಹ ದಿನಗಳಲ್ಲಿ ನಿಷ್ಠೆಯೆಂಬುದು ನಕ್ಷತ್ರದಲ್ಲಿರುವುದಿಲ್ಲ, ನೀರಿನ ಅಳತೆಯಲ್ಲಿರುತ್ತದೆ.

ಗೃಹ್ಯಸೂತ್ರಕಾರರು ಇದನ್ನೂ ಅರಿತಿದ್ದರೆಂದು ನಾನು ನಂಬುತ್ತೇನೆ. ಅವರು ವಧುವಿಗೆ ಧ್ರುವನನ್ನು ಮಾತ್ರ ತೋರಿಸಿ ಸುಮ್ಮನಾಗಲಿಲ್ಲ, ಅರುಂಧತಿಯನ್ನೂ ತೋರಿಸಿದರು. ಸಪ್ತರ್ಷಿಮಂಡಲದಲ್ಲಿ ವಸಿಷ್ಠನ ಪಕ್ಕದಲ್ಲಿ ಮಿನುಗುವ ಆ ಸಣ್ಣ ತಾರೆ ಅಚಲವಲ್ಲ. ವಸಿಷ್ಠನೊಡನೆ ಹುಟ್ಟಿ, ವಸಿಷ್ಠನೊಡನೆ ಅಸ್ತಮಿಸಿ, ಇರುಳೆಲ್ಲ ಸಂಚರಿಸುತ್ತ, ಅವನನ್ನಗಲದೆ ಇರುವುದೇ ಅದರ ಸ್ಥೈರ್ಯ. ನೂಕು ಹೀವಾ ವಿಷುವದ್ರೇಖೆಯಿಂದ ಸುಮಾರು ಒಂಬತ್ತು ಅಂಶ ದಕ್ಷಿಣದಲ್ಲಿದೆ, ಅಲ್ಲಿ ಧ್ರುವನಿಲ್ಲ. ಆದರೆ ಡಿಸೆಂಬರಿನ ಅರುಣೋದಯಕ್ಕೆ ಮುನ್ನ ಉತ್ತರದ ಅಂಚಿನಲ್ಲಿ ವಸಿಷ್ಠಾರುಂಧತಿಯರು ಮೂಡುತ್ತಾರೆ. ಅಚಲವಾದುದು ಮುಳುಗಿದ ಆಕಾಶದಲ್ಲಿ ಜೊತೆಯಾಗಿ ಚಲಿಸುವುದು ಉಳಿದಿರುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಧ್ರುವನು ಅನಾವಶ್ಯಕನಾದಂತಾಯಿತು. ಇಲ್ಲಿಯೇ ನನಗೊಂದು ಬಲವಾದ ಆಕ್ಷೇಪ ಎದುರಾಗುತ್ತದೆ. 1916ರ ನವೆಂಬರಿನಲ್ಲಿ ಲಂಡನ್ ತನ್ನ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಚಾರ್ಮಿಯನ್ 1955ರವರೆಗೆ ಜೀವಿಸಿದ್ದಳು. ಸರದಿ ಬದಲಿಸಲು ಮತ್ತೊಬ್ಬರಿಲ್ಲದ ಆ ಮೂವತ್ತೆಂಟು ವರ್ಷಗಳಲ್ಲಿ ಅರುಂಧತಿಯ ದೃಷ್ಟಾಂತವು ಆಕೆಗೆ ಏನು ಹೇಳಬಲ್ಲದು? ತಣ್ಣಗಿದೆಯೆಂದು ನಾನು ಬದಿಗಿಟ್ಟ ಆ ನಿರ್ಗುಣದ ಬಿಂದು ಈಗ ಬೇಕಾಗುತ್ತದೆ. ಇಬ್ಬರು ಸೇರಿ ಯಾವುದರ ಸುತ್ತ ತಿರುಗಿದರೋ ಅದು ಒಬ್ಬರು ಇಲ್ಲವಾದಾಗ ಇಲ್ಲವಾಗುವುದಿಲ್ಲವೆಂಬ ನಂಬಿಕೆಯಿಲ್ಲದೆ, ಉಳಿದವರ ದಿನಗಳಿಗೆ ದಿಕ್ಕೆಂಬುದೇ ಇರಲಾರದು.

ಇಂದು ನಮ್ಮಲ್ಲಿ ಬಹುಪಾಲು ಮದುವೆಗಳು ಹಗಲಿನಲ್ಲಿಯೇ ಜರಗುತ್ತವೆ. ನಡುಹಗಲಿನ ಬಿಸಿಲಿನಲ್ಲಿ ಪುರೋಹಿತರು ಬೆರಳೆತ್ತಿ ತೋರಿಸುತ್ತಾರೆ; ವಧೂವರರು ಬರಿಯ ನೀಲಿಯನ್ನು ನೋಡಿ ಕಂಡೆವೆನ್ನುತ್ತಾರೆ. ಇದನ್ನು ಅರ್ಥಶೂನ್ಯವಾದ ಆಚಾರವೆಂದು ಹಲವರು ಆಕ್ಷೇಪಿಸುವುದುಂಟು, ನನಗೆ ಹಾಗೆನ್ನಿಸುವುದಿಲ್ಲ. ಕಾಣುವ ನಕ್ಷತ್ರದ ಮೇಲೆ ಆಣೆಯಿಡುವುದು ಸುಲಭ. ಕಾಣದ ಎರಡನ್ನು, ಅಚಲವಾದ ಒಂದನ್ನೂ ಜೊತೆಬಿಡದ ಮತ್ತೊಂದನ್ನೂ, ಇವೆ ಎಂದು ಒಪ್ಪಿಕೊಂಡು ಅವರು ಮಂಟಪಕ್ಕೆ ಮರಳುತ್ತಾರೆ.