ಸಾಹಸ ಮತ್ತು ಅಧಿಕಾರ

ಮಾದಾಪುರದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ ವರ್ಷ ತುಂಬದ ತರುಣ. ಕಂತಿನ ಮೇಲೆ ಕೊಂಡ ಹೊಸ ಸ್ಪೋರ್ಟ್ಸ್ ಬೈಕು. ಗಾಡಿ ಓಡಿಸಲು ಕಲಿತು ಎರಡು ತಿಂಗಳಾಗಿದೆಯೋ ಇಲ್ಲವೋ, ಒಂದು ದಿನ ಊಟದ ಹೊತ್ತಿನಲ್ಲಿ "ಬರುವ ಶನಿವಾರ ಬೆಂಗಳೂರಿಗೆ ಬೈಕಿನ ಮೇಲೆಯೇ ಹೋಗಿಬರುತ್ತೇನೆ" ಎಂದುಬಿಡುತ್ತಾನೆ. ತಾಯಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ತಂದೆ ಕೇಳಿದ ಅಪಘಾತಗಳನ್ನೆಲ್ಲ ಒಂದೊಂದಾಗಿ ನೆನಪಿಸುತ್ತಾರೆ. "ನನ್ನ ಜೀವ, ನನ್ನ ಇಷ್ಟ" ಎಂದು ಮಗ ಎದ್ದು ಹೋಗುತ್ತಾನೆ. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಮಗನ ಬದಲು ಮಗಳು, ಬೆಂಗಳೂರಿನ ಬದಲು ಹಂಪಿ ಎಂದಿಟ್ಟುಕೊಂಡರೆ ನಮ್ಮ ನಗರದ ಅನೇಕ ಮನೆಗಳಿಗೆ ಒಪ್ಪುವ ಚಿತ್ರವಿದು.

ಮೇಲ್ನೋಟಕ್ಕೆ ಇದು ಮನೆಯೊಳಗಿನ ಜಗಳ. ಸ್ವಲ್ಪ ಕೆದಕಿ ನೋಡಿದರೆ ಹಳೆಯದೊಂದು ಧರ್ಮಜಿಜ್ಞಾಸೆ ಇದರಲ್ಲಿ ಅಡಗಿದೆ. ತನ್ನ ಪ್ರಾಣವನ್ನು ಅಪಾಯಕ್ಕೆ ಒಡ್ಡುವ ಹಕ್ಕು ಮನುಷ್ಯನಿಗೆ ಉಂಟೆ? ಉಂಟಾದರೆ ಅದು ಅವನಿಗೆ ಯಾವಾಗ ಪ್ರಾಪ್ತವಾಗುತ್ತದೆ? ಅವನನ್ನು ತಡೆಯುವ ಹಕ್ಕು ಹಿರಿಯರಿಗೆ ಎಲ್ಲಿಯವರೆಗೆ?

ವೇಗದ ಮೋಹ ಇಂದಿನ ಹುಡುಗರೊಡನೆ ಹುಟ್ಟಿತೆಂದು ಭಾವಿಸುವುದು ಸರಿಯಲ್ಲ. 1960ರ ದಶಕದಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಅನಂತರದ ಯೆಜ್ಡಿ ಗಾಡಿಗಳ ಮೇಲೆ ಘಟ್ಟ ಹತ್ತಿಳಿದವರು ಇಂದಿನ ತಂದೆ, ತಾತಂದಿರೇ. ಅಷ್ಟೇ ಅಲ್ಲ, ಹೈದರಾಬಾದಿನ ಕನ್ನಡಿಗರಲ್ಲಿ ಬಹುಮಂದಿಯ ಮನೆತನದ ಹಿಂದೆ ಊರು ಬಿಟ್ಟು ಬಂದ ಒಬ್ಬರಿದ್ದಾರೆ. 1956ಕ್ಕೆ ಮೊದಲು ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳಿಂದ ಓದಿಗೆಂದು, ನೌಕರಿಗೆಂದು ರಾಜಧಾನಿಗೆ ಬಂದವರು ಎಲ್ಲ ಲೆಕ್ಕ ಹಾಕಿ ಹೊರಟವರಲ್ಲ. ಅಪಾಯವನ್ನೇ ಒಲ್ಲೆನೆಂದವನು ಹೊಸ್ತಿಲು ದಾಟುವುದಿಲ್ಲ. ಆದ್ದರಿಂದ "ಹೋಗಬೇಡ" ಎಂಬ ಮಾತೊಂದೇ ವಿವೇಕವಾಗಲಾರದು. ಅನೇಕ ವೇಳೆ ಅದು ನಮ್ಮ ಭಯಕ್ಕೆ ನಾವು ತೊಡಿಸುವ ವಿವೇಕದ ವೇಷವಾಗಿರುತ್ತದೆ.

ಆದರೆ "ನಾವೂ ಓಡಿಸಿದ್ದೇವೆ" ಎನ್ನುವವರು ಒಂದನ್ನು ಗಮನಿಸಬೇಕು. ಹಳೆಯ 250 ಸಿ.ಸಿ. ಜಾವಾದ ಬಲ ಸುಮಾರು 12 ಅಶ್ವಶಕ್ತಿ. ಇಂದು ಹುಡುಗರು ಆಸೆಪಡುವ ಕೆಟಿಎಂ ಆರ್‌ಸಿ 390ರಂಥ ಗಾಡಿಯ ಬಲ ಸುಮಾರು 43. ಅಂಗೈ ತುಸು ತಿರುಗಿದರೆ ಸಾಕು, ಹಿಂದಿನವರು ಕಷ್ಟಪಟ್ಟು ಮುಟ್ಟುತ್ತಿದ್ದ ವೇಗವನ್ನು ಇದು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ. ಯಂತ್ರ ಬೆಳೆದಿದೆ, ಅದನ್ನು ಹಿಡಿಯುವ ಕೈಗೆ ಮಾತ್ರ ಹಿಂದಿನಂತೆಯೇ ಮೊದಲಿನಿಂದ ಕಲಿಯಬೇಕಾದ ಪಾಡು.

ಇಂಥ ಪ್ರಯಾಣವನ್ನು ನಾವು 'ಸಾಹಸ' ಎನ್ನುತ್ತೇವೆ. ಈ ಪದಕ್ಕೆ ಎರಡು ಮುಖಗಳಿರುವುದು ಕುತೂಹಲದ ಸಂಗತಿ. 'ಸಹಸ್' ಎಂದರೆ ಬಲ. ಧರ್ಮಶಾಸ್ತ್ರದಲ್ಲಿ ಸಾಹಸವೆಂಬುದು ಹೊಗಳಿಕೆಯ ಮಾತಲ್ಲ. ಬಲಾತ್ಕಾರದಿಂದ ಎಸಗಿದ ಅಪರಾಧಕ್ಕೆ ಆ ಹೆಸರು. ಮನುಸ್ಮೃತಿ ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಅದೂ ಒಂದು. ಕನ್ನಡದಲ್ಲಾದರೋ ಅದು ಬಿರುದಾಯಿತು. ರನ್ನನ ಗದಾಯುದ್ಧಕ್ಕೆ 'ಸಾಹಸಭೀಮವಿಜಯ' ಎಂದೇ ಇನ್ನೊಂದು ಹೆಸರು. ಒಂದೇ ಪದ ಒಂದು ಕಡೆ ದಂಡನೆಗೂ ಇನ್ನೊಂದು ಕಡೆ ಕೀರ್ತಿಗೂ ಕಾರಣವಾಗಿರುವುದು ಸುಮ್ಮನೆ ಅಲ್ಲ. ಬಲ ಒಂದೇ, ಅದು ಯಾರ ಕೈಯಲ್ಲಿ, ಯಾವ ಸಿದ್ಧತೆಯೊಡನೆ, ಯಾರ ಪಾಲಿಗೆ ಬಿದ್ದಿತು ಎಂಬುದರ ಮೇಲೆ ಅದರ ಧರ್ಮಾಧರ್ಮ ನಿಂತಿದೆ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನೂ ಧೈರ್ಯವನ್ನು ಹೇಡಿತನ ಮತ್ತು ದುಡುಕುಗಳ ನಡುವೆ ಇಟ್ಟನು.

ಇನ್ನು "ನನ್ನ ಜೀವ, ನನ್ನ ಇಷ್ಟ" ಎಂಬ ವಾದ. ಇದನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವಂತಿಲ್ಲ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟವಾದ ಸ್ವಾತಂತ್ರ್ಯವನ್ನು ಕುರಿತ ತನ್ನ ಗ್ರಂಥದಲ್ಲಿ, ಪ್ರಾಯಕ್ಕೆ ಬಂದ ಮನುಷ್ಯನಿಗೆ ತನ್ನ ಶರೀರ, ಮನಸ್ಸುಗಳ ಮೇಲೆ ತಾನೇ ಒಡೆಯನೆಂದು ವಾದಿಸಿದನು. ಆದರೆ ಇತರರಿಗೆ ಹಾನಿ ತಟ್ಟುವ ಜಾಗದಲ್ಲಿ ಆ ಒಡೆತನ ಮುಗಿಯುತ್ತದೆ ಎಂಬುದೂ ಅವನದೇ ಮಾತು. ಹೆದ್ದಾರಿ ಅಂಥ ಜಾಗ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸೊಂದು ಕರ್ನೂಲಿನ ಹತ್ತಿರ ಚಿನ್ನಟೇಕೂರಿನ ಬಳಿ ಸುಟ್ಟುಹೋದದ್ದನ್ನು ನಾವ್ಯಾರೂ ಮರೆತಿಲ್ಲ. ಮೊದಲೇ ಜಾರಿ ಬಿದ್ದು ರಸ್ತೆಯ ಮೇಲೆ ಉಳಿದಿದ್ದ ಒಂದು ಮೋಟಾರ್ ಸೈಕಲ್ಲು ಬಸ್ಸಿನ ಕೆಳಗೆ ಸಿಲುಕಿ ಬೆಂಕಿ ಹತ್ತಿತು. ನಿದ್ದೆಯಲ್ಲಿದ್ದ ಪ್ರಯಾಣಿಕರು ಸೇರಿ ಸುಮಾರು ಇಪ್ಪತ್ತು ಮಂದಿ ಪ್ರಾಣ ಕಳೆದುಕೊಂಡರು. ಆ ಬೈಕಿನ ಸವಾರನೂ ಯಾರದೋ ಮಗ, ಅವನೂ ಉಳಿಯಲಿಲ್ಲ. ಸತ್ತವನನ್ನು ದೂಷಿಸಲು ಈ ಮಾತು ಎತ್ತಿದ್ದಲ್ಲ. ಒಬ್ಬನ ಬೀಳು ಅವನೊಬ್ಬನದೇ ಆಗಿ ಉಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷಿ ಬೇಕಿಲ್ಲ.

ಹಾಗಾದರೆ ಹಕ್ಕು ಎಲ್ಲಿಂದ ಬರುತ್ತದೆ? ನಮ್ಮ ಮೀಮಾಂಸಕರಲ್ಲಿ 'ಅಧಿಕಾರ' ಎಂಬ ಮಾತಿದೆ. ಇಂದು ಆ ಪದ ಕೇಳಿದರೆ ಕುರ್ಚಿ, ದರ್ಬಾರು ನೆನಪಾಗುತ್ತವೆ. ಅವರ ಅರ್ಥದಲ್ಲಿ ಅಧಿಕಾರವೆಂದರೆ ಅರ್ಹತೆ. ಒಂದು ಕರ್ಮ ಮಾಡಲು ಅಧಿಕಾರ ಬರಬೇಕಾದರೆ ಅರ್ಥಿತ್ವ ಬೇಕು, ಅಂದರೆ ನಿಜವಾದ ಬಯಕೆ, ಸಾಮರ್ಥ್ಯ ಬೇಕು, ವಿದ್ವತ್ತೆ, ಅಂದರೆ ಆ ಕರ್ಮದ ತಿಳಿವಳಿಕೆ ಬೇಕು. ಹುಟ್ಟನ್ನು ನೋಡಿ ಜನರನ್ನು ಹೊರಗಿಡುವುದಕ್ಕೂ ಈ ವಿಚಾರ ಬಳಕೆಯಾದದ್ದುಂಟು. ಆ ಕೊಳೆಯನ್ನು ತೊಳೆದು ನೋಡಿದರೆ ಉಳಿಯುವ ತಿರುಳು ಬೆಲೆಯುಳ್ಳದ್ದು. ಬಯಕೆ ಮೊದಲ ಮೆಟ್ಟಿಲು, ಅದೇ ಮಾಳಿಗೆಯಲ್ಲ. ಗಾಡಿಯನ್ನು ಕಂತಿನ ಮೇಲೆ ಕೊಳ್ಳಬಹುದು, ಅಧಿಕಾರವನ್ನು ಕಂತಿನ ಮೇಲೆ ಯಾರೂ ಕೊಡುವುದಿಲ್ಲ.

ಬಯಕೆಯನ್ನೇ ಮೊದಲು ಪರೀಕ್ಷಿಸೋಣ. ಹೈದರಾಬಾದಿನವರೇ ಆದ, ಈಗ ನಮ್ಮೊಡನಿಲ್ಲದ ಸನಾ ಇಕ್ಬಾಲ್ ಎಂಬ ತರುಣಿ 2015–16ರಲ್ಲಿ ಬುಲೆಟ್ ಮೇಲೆ ಒಬ್ಬರೇ ದೇಶ ಸುತ್ತಿ, ಖಿನ್ನತೆ ಮತ್ತು ಆತ್ಮಹತ್ಯೆಯ ವಿಷಯವಾಗಿ ಯುವಜನರೊಡನೆ ಮಾತನಾಡಿದರು. ಅಲ್ಲಿ ಬೈಕು ಸಾಧನ. ಎಲ್ಲರ ಪ್ರಯಾಣಕ್ಕೂ ಅಂಥ ದೊಡ್ಡ ಉದ್ದೇಶವಿರಬೇಕೆಂದಿಲ್ಲ. ಬಯಲನ್ನು ನೋಡುವ, ಗಾಳಿಗೆ ಮುಖವೊಡ್ಡುವ ಸಂತೋಷವೂ ಸಾಕು. ಆದರೆ ಎಷ್ಟು ಗಂಟೆಯಲ್ಲಿ ಮುಟ್ಟಿದೆನೆಂದು ಗೆಳೆಯರಿಗೆ ಚಿತ್ರ ಕಳಿಸುವುದೇ ಬಯಕೆಯಾಗಿದ್ದರೆ ಅದು ಪ್ರಯಾಣದ ಬಯಕೆಯಲ್ಲ, ಪರರ ಕಣ್ಣಿನ ಹಸಿವು. ತನಗಾಗಿ ಓಡಿಸುವವನು ದಣಿದಾಗ ನಿಲ್ಲಬಲ್ಲ. ಪರರಿಗಾಗಿ ಓಡಿಸುವವನಿಗೆ ನಿಲ್ಲುವುದೇ ಅವಮಾನ.

ಸಾಮರ್ಥ್ಯ, ತಿಳಿವಳಿಕೆಗಳ ಮಾತು ಬಂದಾಗ ಸ್ವಲ್ಪ ಲೆಕ್ಕ ಅನಿವಾರ್ಯ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ, 100 ಕಿ.ಮೀ. ವೇಗದಲ್ಲಿ 28 ಮೀಟರ್. ಎದುರಿಗೆ ಎಮ್ಮೆ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ಸೆಕೆಂಡು ಕಳೆದಿರುತ್ತದೆ. ಬ್ರೇಕು ಹಿಡಿದ ಮೇಲೂ, ವೇಗ ಎರಡರಷ್ಟಾದರೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಚಕ್ರದ ಬ್ರೇಕಿನಲ್ಲಿದೆ. ಹೊಸಬನು ಹೆದರಿ ಅದನ್ನು ಮುಟ್ಟುವುದೇ ಇಲ್ಲ, ಇಲ್ಲವೆ ಗಾಬರಿಯಿಂದ ಒಮ್ಮೆಲೇ ಹಿಡಿದುಬಿಡುತ್ತಾನೆ. 2019ರ ಏಪ್ರಿಲಿನಿಂದ 125 ಸಿ.ಸಿ. ಮೀರಿದ ಗಾಡಿಗಳಿಗೆ ಚಕ್ರ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾಗಿದೆ, ನಿಜ. ಅದು ಚಕ್ರವನ್ನು ಕಾಯುತ್ತದೆಯೇ ಹೊರತು ವೇಗದ ಲೆಕ್ಕವನ್ನು ಬದಲಿಸುವುದಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ನಿಧಾನವಾಗಿ ಸುತ್ತಿ ತೋರಿಸಿದವನಿಗೆ ಇದೊಂದನ್ನೂ ಯಾರೂ ಕೇಳಿರುವುದಿಲ್ಲ.

ಬೆಂಗಳೂರಿನ ದಾರಿ ಸುಮಾರು 570 ಕಿ.ಮೀ. ಶಾದನಗರ, ಜಡ್ಚರ್ಲ ದಾಟಿ, ಬೀಚುಪಲ್ಲಿಯಲ್ಲಿ ಕೃಷ್ಣೆಯನ್ನೂ ಕರ್ನೂಲಿನಲ್ಲಿ ತುಂಗಭದ್ರೆಯನ್ನೂ ಹಾಯ್ದು, ಗುತ್ತಿ, ಅನಂತಪುರ, ಪೆನುಕೊಂಡೆಗಳ ಮೇಲೆ ಸಾಗುವ ರಾಷ್ಟ್ರೀಯ ಹೆದ್ದಾರಿ 44 ಅಗಲವಾಗಿದೆ, ನುಣುಪಾಗಿದೆ. ಆ ನುಣುಪೇ ಮೋಸ. ಎಲ್ಲಿಯೋ ಒಂದು ಟ್ರ್ಯಾಕ್ಟರು ತಪ್ಪು ದಿಕ್ಕಿನಲ್ಲಿ ಎದುರಾಗುತ್ತದೆ. ಹಳ್ಳಿಯವರು ವಿಭಜಕದ ಸಂದಿಯಿಂದ ದಾಟುತ್ತಾರೆ. ಕತ್ತಲಲ್ಲಿ ದೀಪವಿಲ್ಲದೆ ಲಾರಿ ನಿಂತಿರುತ್ತದೆ. ಸ್ಪೋರ್ಟ್ಸ್ ಬೈಕಿನ ಮೇಲೆ ಮುಂದಕ್ಕೆ ಬಾಗಿ ಕೂತವನ ಭಾರವೆಲ್ಲ ಮಣಿಕಟ್ಟಿನ ಮೇಲೆ. ಎರಡು ಮೂರು ಗಂಟೆಯಲ್ಲಿ ಬೆರಳು ಜೋಮು ಹಿಡಿಯುತ್ತದೆ, ಸೊಂಟ ಸೆಟೆಯುತ್ತದೆ, ಕಣ್ಣು ದೂರವನ್ನು ಬಿಟ್ಟು ಹತ್ತಿರದ್ದನ್ನಷ್ಟೇ ನೋಡತೊಡಗುತ್ತದೆ. ದಣಿವು ತಾನು ಬಂದೆನೆಂದು ಹೇಳಿ ಬರುವುದಿಲ್ಲ. ಅದನ್ನು ಗುರುತಿಸುವುದೂ ಅಭ್ಯಾಸದಿಂದ ಬರಬೇಕಾದ ವಿದ್ಯೆ.

ಈ ವಿಷಯದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವನು ಅಭಿಮನ್ಯು. ಚಕ್ರವ್ಯೂಹವನ್ನು ಹೊಗುವುದು ಅವನಿಗೆ ಗೊತ್ತಿತ್ತು, ಹೊರಬರುವುದು ಗೊತ್ತಿರಲಿಲ್ಲ. ಗಾಡಿಯನ್ನು ಓಡಿಸಲು ಬಲ್ಲ, ನಿಲ್ಲಿಸಲು ಅರಿಯದ ಹೊಸ ಸವಾರನಿಗೆ ಈ ಹೋಲಿಕೆ ಸಹಜ. ಆದರೆ ಕಥೆಯ ಇನ್ನೊಂದು ಪಾಲನ್ನು ನಾವು ಬೇಗ ದಾಟಿಬಿಡುತ್ತೇವೆ. ಅಭಿಮನ್ಯು ತನಗೆ ಗೊತ್ತಿಲ್ಲದ್ದನ್ನು ಮುಚ್ಚಿಡಲಿಲ್ಲ. ಹಿರಿಯರ ಮುಂದೆ ಸ್ಪಷ್ಟವಾಗಿ ಹೇಳಿದ. "ನಿನ್ನ ಹಿಂದೆಯೇ ಬರುತ್ತೇವೆ" ಎಂದು ಹಿರಿಯರು ಕಳುಹಿಸಿದರು. ಸೈಂಧವ ಬಾಗಿಲಲ್ಲಿ ಅಡ್ಡ ನಿಂತ. ಹುಡುಗ ಒಳಗೆ ಒಬ್ಬನೇ ಉಳಿದ. ಆ ಸಾವಿನಲ್ಲಿ ಶತ್ರುಗಳ ಅಧರ್ಮ ಎಷ್ಟಿತ್ತೋ, ಕಾಯಲಾರದ ಹಿರಿಯರು ಕೊಟ್ಟ ಭರವಸೆಯ ಪಾಲೂ ಅಷ್ಟೇ ಇತ್ತು. ಹುಟ್ಟುಹಬ್ಬಕ್ಕೆಂದು ದೊಡ್ಡ ಬೈಕು ಕೊಡಿಸಿ "ಹುಷಾರಾಗಿ ಹೋಗಪ್ಪ" ಎಂದು ಕೈತೊಳೆದುಕೊಳ್ಳುವ ತಂದೆ ಇದನ್ನು ಯೋಚಿಸಬೇಕು. ಹದಿನೆಂಟು ತುಂಬದವರ ಕೈಗೆ ಗಾಡಿ ಕೊಟ್ಟು ಅವರು ಅಪರಾಧ ಎಸಗಿದರೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆಮನೆ ಎಂದು 2019ರ ತಿದ್ದುಪಡಿ ವಿಧಿಸಿದೆ. ಹದಿನೆಂಟು ತುಂಬಿದ ಮರುದಿನ ಕಾನೂನು ಹಿರಿಯರನ್ನು ಬಿಟ್ಟುಬಿಡುತ್ತದೆ. ಧರ್ಮ ಬಿಡುವುದಿಲ್ಲ.

ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರೇ ಸುಮಾರು 50,000. ಇಂಥ ಅಂಕಿಗಳನ್ನು ಮಗನ ಮುಂದೆ ಹೆದರಿಸಲೆಂದು ಹಿಡಿದರೆ ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ಬದಲಿಗೆ ಪ್ರಶ್ನೆ ಕೇಳಬಹುದು. ಮಳೆಯಲ್ಲಿ ಓಡಿಸಿದ್ದೀಯಾ? ಖಾಲಿ ಮೈದಾನದಲ್ಲಿ ಮುಂದಿನ ಬ್ರೇಕು ಹಿಡಿದು ಎಷ್ಟು ಸಲ ಅಭ್ಯಾಸ ಮಾಡಿದೆ? ಟೈರಿನ ಗಾಳಿ, ಚೈನು ಯಾವಾಗ ನೋಡಿದೆ? ಕತ್ತಲಾದರೆ ಎಲ್ಲಿ ತಂಗುತ್ತೀಯಾ? ಅರ್ಧ ದಾರಿಯಲ್ಲಿ ಸಾಕೆನಿಸಿದರೆ ಗಾಡಿ ಬಿಟ್ಟು ರೈಲು ಹತ್ತಿ ಬರಲು ನಾಚಿಕೆಯಾಗುತ್ತದೆಯೋ?

ಕೊನೆಯ ಪ್ರಶ್ನೆಗೆ ಹುಡುಗ ಕೊಡುವ ಉತ್ತರದಲ್ಲಿ ಅವನ ಅಧಿಕಾರ ಬಹುಮಟ್ಟಿಗೆ ತಿಳಿದುಬಿಡುತ್ತದೆ. ಹಿಂದಿರುಗುವ ಧೈರ್ಯವಿಲ್ಲದವನಿಗೆ ಮುಂದೆ ಹೋಗುವ ಧೈರ್ಯ ಇನ್ನೂ ಪೂರ್ತಿ ಬಂದಿರುವುದಿಲ್ಲ. ಅಂಥವನಿಗೆ "ಬೇಡ" ಎನ್ನುವುದಕ್ಕಿಂತ "ಈಗಲೇ ಬೇಡ" ಎನ್ನುವುದು ಮೇಲು. ಮೊದಲು ಒಂದು ಬೆಳಗ್ಗೆ ವಿಕಾರಾಬಾದಿನ ಅನಂತಗಿರಿಯವರೆಗೆ ಹೋಗಿಬರಲಿ. ಕೆಲವು ವಾರಗಳ ಮೇಲೆ ಜಹೀರಾಬಾದಿನ ದಾರಿಯಾಗಿ ಬೀದರಿಗೆ ಹೋಗಿ, ಕೋಟೆ ನೋಡಿ, ಕತ್ತಲಾಗುವ ಮುನ್ನ ಮನೆ ಸೇರಲಿ. ಮಳೆಗಾಲವೊಂದು ಕಳೆಯಲಿ. ಆಮೇಲೆ ಬೆಂಗಳೂರು ಎಲ್ಲಿಗೂ ಓಡಿಹೋಗುವುದಿಲ್ಲ. ನಡುವೆ ಅನಂತಪುರದಲ್ಲಿ ಒಂದು ರಾತ್ರಿ ತಂಗಿ ಹೋದರೂ ಅದು ಬೆಂಗಳೂರೇ. ಮಕ್ಕಳಿಂದ ತಾಳ್ಮೆ ಕೇಳುವ ನಾವು ಅಷ್ಟು ದಿನ ಅವರ ಬಯಕೆಯನ್ನು ಗೌರವದಿಂದ ಕಾಯಬೇಕು, ಮರೆತುಹೋಗಲಿ ಎಂದು ಒಳಗೊಳಗೆ ಹಾರೈಸಬಾರದು. ಅವರು ಅರ್ಹತೆ ಗಳಿಸಿ ಮುಂದೆ ನಿಂತ ದಿನ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಡುವುದು ನಮ್ಮ ಪಾಲಿನ ಸಾಹಸ.