ಕಾವಲೋ, ಕಣ್ಗಾವಲೋ?

ಬಾಗಿಲಿಗೆ ಬೀಗ ಹಾಕುವುದನ್ನು ಯಾರೂ ಅಧರ್ಮವೆನ್ನುವುದಿಲ್ಲ. ತನ್ನ ಸೊತ್ತನ್ನು ಕಾಯ್ದುಕೊಳ್ಳುವುದು ಪ್ರತಿಯೊಬ್ಬನ ಹಕ್ಕು. ಇತರರು ನಂಬಿ ಒಪ್ಪಿಸಿದ ಸೊತ್ತನ್ನು ಕಾಯುವುದಂತೂ ಕರ್ತವ್ಯವೇ ಸರಿ. ಆದರೆ ಕಾಯಬೇಕಾದ ಸೊತ್ತು ಇನ್ನೊಬ್ಬನ ಜೇಬಿನಲ್ಲಿದ್ದರೆ? ಯಜಮಾನನ ಗಂಟು ನೌಕರನ ಸ್ವಂತ ಪೆಟ್ಟಿಗೆಯಲ್ಲಿ, ಅವನ ಹೆಂಡತಿಯ ಓಲೆಗಳ, ಮಗುವಿನ ಚಿತ್ರಗಳ ಪಕ್ಕದಲ್ಲೇ ಇದ್ದರೆ? ಆ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇರಬೇಕು? ಕಚೇರಿಗೆ ಹೋಗಿಬರುವ ನಮ್ಮಂಥವರ ಮನೆಗಳನ್ನು ಇಂದು ಹೊಕ್ಕಿರುವ ಪ್ರಶ್ನೆಯಿದು. ಆ ಪೆಟ್ಟಿಗೆಗೆ ಮೊಬೈಲು ಫೋನು ಎಂದು ಹೆಸರು.

ಹಿಂದೆ ಗುಮಾಸ್ತನು ಕಚೇರಿಯ ಕಡತವನ್ನು ಕಚೇರಿಯ ಬೀರುವಿನಲ್ಲಿಟ್ಟು ಮನೆಗೆ ಬರುತ್ತಿದ್ದ. ಈಗ ಪತ್ರವ್ಯವಹಾರ, ಗಿರಾಕಿಗಳ ವಿಳಾಸ, ಲೆಕ್ಕಪತ್ರಗಳೆಲ್ಲ ಅವನು ತನ್ನ ಹಣದಿಂದ ಕೊಂಡ ಫೋನಿನಲ್ಲಿ ಅವನೊಡನೆಯೇ ತಿರುಗುತ್ತವೆ. ಆ ಫೋನು ಬಸ್ಸಿನಲ್ಲಿ ಕಳೆದುಹೋಗಬಹುದು. ಮಗು ಆಟಕ್ಕೆಂದು ಇಳಿಸಿಕೊಂಡ ಆ್ಯಪಿನೊಳಗೆ ಕಳ್ಳನು ಅಡಗಿರಬಹುದು. ಬ್ಯಾಂಕಿನ ಹೆಸರು ಹೊತ್ತು ಬಂದ ಸುಳ್ಳು ಸಂದೇಶವನ್ನು ನಂಬಿ ಅವನೇ ಗುಟ್ಟನ್ನು ಒಪ್ಪಿಸಿಬಿಡಬಹುದು. ಆದಕಾರಣ ಕಂಪೆನಿಗಳು ನೌಕರನ ಫೋನಿನಲ್ಲಿ ತಮ್ಮದೊಂದು ಕಾವಲನ್ನು ಕೂರಿಸುತ್ತವೆ. ಪರದೆಗೆ ಗುಪ್ತಸಂಖ್ಯೆ ಇರಲೇಬೇಕೆಂದು ಅದು ಕಟ್ಟುಮಾಡುತ್ತದೆ. ಯಾವ ಯಾವ ಆ್ಯಪುಗಳಿವೆಯೆಂದು ಎಣಿಸುತ್ತದೆ. ಫೋನು ಕಳುವಾದರೆ ಅದರಲ್ಲಿರುವುದನ್ನು ದೂರದಿಂದಲೇ ಅಳಿಸಿಹಾಕುತ್ತದೆ.

ಇದರಲ್ಲಿ ತಪ್ಪೇನು ಎಂದು ಕೇಳುವವರಿಗೆ ಅರ್ಧದಷ್ಟು ನ್ಯಾಯ ಸಲ್ಲಲೇಬೇಕು. ಆಸ್ಪತ್ರೆಯ ನೌಕರನ ಫೋನಿನಲ್ಲಿರುವುದು ರೋಗಿಯ ಗುಟ್ಟು. ಬ್ಯಾಂಕಿನ ನೌಕರನ ಫೋನಿನಲ್ಲಿರುವುದು ಯಾವನೋ ನಿವೃತ್ತ ಮೇಷ್ಟ್ರ ಉಳಿತಾಯದ ಲೆಕ್ಕ. ಅವು ಬಯಲಾದರೆ ನಷ್ಟಪಡುವವನು ಕಂಪೆನಿಯ ಯಜಮಾನನೊಬ್ಬನೇ ಅಲ್ಲ. ತನ್ನ ಫೋನಿಗೆ ಬೀಗ ಹಾಕಲೊಲ್ಲದ ನೌಕರನು ಸ್ವಾತಂತ್ರ್ಯದ ಹೆಸರಿನಲ್ಲಿ ಇತರರ ಗಂಟನ್ನು ಬೀದಿಯಲ್ಲಿಟ್ಟಂತೆ.

ಉಳಿದರ್ಧದಲ್ಲಿದೆ ತೊಡಕು. ಇಡೀ ಫೋನನ್ನೇ ಕಂಪೆನಿಯ ಆಡಳಿತಕ್ಕೆ ಒಪ್ಪಿಸಿದಾಗ, ಅಳಿಸುವ ಅಪ್ಪಣೆಗೆ ಕಚೇರಿಯ ಕಡತವೆಂದೂ ತೀರಿಹೋದ ತಾಯಿಯ ಭಾವಚಿತ್ರವೆಂದೂ ಭೇದವಿರುವುದಿಲ್ಲ. ಸಂಜೆ ಆರರ ಮೇಲೆ ಫೋನು ಎಲ್ಲಿತ್ತೆಂಬುದನ್ನು ತಿಳಿಯುವ ಉಪಾಯವೂ ಅದಕ್ಕುಂಟು. ‘ನೌಕರನು ಒಪ್ಪಿಯೇ ಹಾಕಿಕೊಂಡಿದ್ದಾನಲ್ಲ?’ ಎನ್ನುತ್ತಾರೆ. ಬೆಂಗಳೂರಿನ ಕಂಪೆನಿಯೊಂದನ್ನು ಸೇರಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇದಕ್ಕೆ ಚೆನ್ನಾಗಿ ಉತ್ತರ ಹೇಳಿದ: “ಒಪ್ಪಿದ್ದೇನೆ ಎಂಬ ಗುಂಡಿ ಇತ್ತು ಸರ್, ಒತ್ತಿದೆ. ಒಪ್ಪುವುದಿಲ್ಲ ಎಂಬ ಗುಂಡಿ ಇರಲಿಲ್ಲ.” ಮನೆಸಾಲದ ಕಂತು ಕಟ್ಟಬೇಕಾದವನ ಒಪ್ಪಿಗೆಗೆ ಬೆಲೆಯೆಷ್ಟು?

ಇನ್ನು ಕೆಲವರ ವಾದ: ‘ಮುಚ್ಚಿಡುವಂಥದ್ದೇನೂ ಇಲ್ಲದವನಿಗೆ ಭಯವೇಕೆ?’ ಸ್ನಾನದ ಮನೆಗೆ ಅಗುಳಿ ಹಾಕಿಕೊಳ್ಳುವವನು ಕಳ್ಳನಲ್ಲವಷ್ಟೆ! ಮರೆಯಿಲ್ಲದೆ ಮರ್ಯಾದೆಯಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು. ಆದರೆ ಮೂಲಭೂತ ಹಕ್ಕುಗಳು ಮುಖ್ಯವಾಗಿ ಸರಕಾರದ ಕೈಯನ್ನು ತಡೆಯತಕ್ಕವು. ಖಾಸಗಿ ಯಜಮಾನನ ವಿಷಯದಲ್ಲಿ, 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು, ಉದ್ಯೋಗದ ಕಾರ್ಯಕ್ಕಾಗಿಯೂ ವ್ಯಾಪಾರದ ಗುಟ್ಟುಗಳ ರಕ್ಷಣೆಗಾಗಿಯೂ ನೌಕರನ ಒಪ್ಪಿಗೆಯಿಲ್ಲದೆಯೇ ಅವನ ವಿವರಗಳನ್ನು ಬಳಸಲು ಎಡೆಗೊಡುತ್ತದೆ. ಕಾಯಿದೆ ಬಿಟ್ಟುಕೊಟ್ಟ ಜಾಗವನ್ನು ಧರ್ಮವಿವೇಕವೇ ತುಂಬಬೇಕು.

ಆ ವಿವೇಕಕ್ಕೆ ದಾರಿ ತೋರುವ ಪ್ರಕರಣವೊಂದು ಯೂರೋಪಿನಲ್ಲಿ ನಡೆಯಿತು. ಅದು ಫೋನಿನದಲ್ಲ, ಕಚೇರಿಯ ಕಂಪ್ಯೂಟರಿನದು; ತತ್ತ್ವ ಮಾತ್ರ ಇದೇ. ರುಮೇನಿಯಾದ ಬರ್ಬುಲೆಸ್ಕು ಎಂಬಾತನು ಗಿರಾಕಿಗಳಿಗೆ ಉತ್ತರ ಕೊಡಲೆಂದು ಕಂಪೆನಿಯ ಅಪ್ಪಣೆಯಂತೆ ಯಾಹೂ ಸಂದೇಶದ ಖಾತೆಯೊಂದನ್ನು ತೆರೆದಿದ್ದ. ಅದರಲ್ಲಿ ಅವನು ತನ್ನ ಸಹೋದರನೊಡನೆಯೂ ಮದುವೆಯಾಗಲಿದ್ದವಳೊಡನೆಯೂ ಆಡಿದ ಮಾತುಗಳನ್ನು ಕಂಪೆನಿ ಓದಿತು. 2007ರಲ್ಲಿ ಅವನನ್ನು ಕೆಲಸದಿಂದ ತೆಗೆಯಿತು. ಸ್ವಂತ ಕೆಲಸಕ್ಕೆ ಕಂಪ್ಯೂಟರನ್ನು ಬಳಸಕೂಡದೆಂಬ ನಿಯಮವಿದ್ದುದು ನಿಜ. ಆದರೂ 2017ರ ಸೆಪ್ಟೆಂಬರಿನಲ್ಲಿ ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯದ ಹಿರಿಯ ಪೀಠವು ಅವನ ಪರವಾಗಿ ತೀರ್ಪಿತ್ತಿತು. ಹೀಗೆ ಓದಲಾಗುವುದೆಂದು ಅವನಿಗೆ ಮೊದಲೇ ತಿಳಿಸಲಾಗಿತ್ತೇ, ಅಷ್ಟು ಆಳಕ್ಕಿಳಿಯಲು ಕಾರಣವಿತ್ತೇ, ಇದಕ್ಕಿಂತ ಹಗುರವಾದ ದಾರಿ ಇರಲಿಲ್ಲವೇ ಎಂಬುದನ್ನು ರುಮೇನಿಯಾದ ನ್ಯಾಯಾಲಯಗಳು ಸರಿಯಾಗಿ ತೂಗಿ ನೋಡಲಿಲ್ಲವೆಂದು ಅದು ಹೇಳಿತು. ಈ ಮೂರು ಪ್ರಶ್ನೆಗಳು ಎಲ್ಲ ಯಜಮಾನರಿಗೂ ಸಲ್ಲತಕ್ಕವು.

ಹಾಗಾದರೆ ಕಾವಲೆಲ್ಲವೂ ಅಪನಂಬಿಕೆಯೇ? ಅಲ್ಲ. ಬ್ಯಾಂಕಿನ ಖಜಾನೆಯನ್ನು ನೋಡಿ. ಎರಡು ಬೀಗದ ಕೈಗಳು, ಇಬ್ಬರು ಅಧಿಕಾರಿಗಳ ಬಳಿ. ಒಬ್ಬನೇ ಬಂದರೆ, ಅವನು ಮ್ಯಾನೇಜರನೇ ಆಗಲಿ, ಬಾಗಿಲು ತೆರೆಯದು. ಇದರಿಂದ ಯಾರ ಮಾನವೂ ಹೋಗದು. ನಿಯಮ ಎಲ್ಲರಿಗೂ ಒಂದೇ, ಅದು ಕಾಯುವುದು ಖಜಾನೆಯನ್ನೇ ಹೊರತು ಅಧಿಕಾರಿಯ ಮನೆಯನ್ನಲ್ಲ. ಭದ್ರತೆಯ ತಜ್ಞರು ಈಚೆಗೆ ‘ಶೂನ್ಯ ವಿಶ್ವಾಸ’ವೆಂಬ ಸೂತ್ರವನ್ನು ಹೇಳುತ್ತಾರೆ. ಅಮೆರಿಕದ ಮಾನಕ ಸಂಸ್ಥೆಯೊಂದು 2020ರಲ್ಲಿ ಇದನ್ನು ವಿವರಿಸಿ ಗ್ರಂಥವನ್ನೇ ಹೊರಡಿಸಿತು. ಹೆಸರು ಕರ್ಕಶವಾದರೂ ಅರ್ಥ ಖಜಾನೆಯದೇ: ಒಳಗಿನವನೆಂಬ ಕಾರಣಕ್ಕೆ ಯಾರನ್ನೂ ಸುಮ್ಮನೆ ಬಿಡದೆ, ಪ್ರತಿಯೊಂದು ಸಲವೂ ಗುರುತು ಕೇಳು. ಬಾಗಿಲಲ್ಲಿ ಗುರುತು ಕೇಳುವುದು ಕಾವಲು; ಹಿಂಬಾಲಿಸಿ ಮನೆಯ ಕಿಟಕಿಯಲ್ಲಿ ಇಣುಕುವುದು ಕಣ್ಗಾವಲು. ಎರಡನ್ನೂ ಒಂದೆಂದು ನಂಬಿಸುವುದರಲ್ಲಿದೆ ಮೋಸ.

ಎರಡನ್ನೂ ಬೇರ್ಪಡಿಸಲಾಗದೆಂಬ ನೆಪವೂ ಈಗ ಉಳಿದಿಲ್ಲ. 2014ರ ಕೊನೆಗೆ ಬಂದ ಆಂಡ್ರಾಯ್ಡ್ 5.0, ಒಂದೇ ಫೋನಿನಲ್ಲಿ ಕಚೇರಿಯ ಕೋಣೆಯನ್ನು ಬೇರೆಯಾಗಿ ಕಟ್ಟುವ ಸೌಕರ್ಯವನ್ನು ತಂದಿತು. 2019ರಲ್ಲಿ ಆ್ಯಪಲ್ ಕಂಪೆನಿಯೂ ಅಂಥದೇ ಏರ್ಪಾಡು ಮಾಡಿತು. ಕಂಪೆನಿಯ ಆಡಳಿತ ಆ ಕೋಣೆಗೆ ಮಾತ್ರ. ನೌಕರ ಕೆಲಸ ಬಿಟ್ಟರೆ ಅಳಿಯುವುದು ಆ ಕೋಣೆ. ತಾಯಿಯ ಭಾವಚಿತ್ರ ಸುರಕ್ಷಿತ. ಹೀಗಿರುವಾಗ ಇಡೀ ಫೋನನ್ನೇ ಬಯಸುವ ಕಂಪೆನಿ ಅನಿವಾರ್ಯಕ್ಕೆ ಸಿಕ್ಕಿ ಹಾಗೆ ಮಾಡುತ್ತಿಲ್ಲ, ಆಯ್ದುಕೊಂಡೇ ಮಾಡುತ್ತಿದೆ. ಪೂರ್ತಿ ಹಿಡಿತ ಬೇಕೇ ಬೇಕೆನ್ನುವುದಾದರೆ ಫೋನನ್ನೂ ತಾನೇ ಕೊಂಡು ಕೊಡಲಿ. ನೌಕರನ ಖರ್ಚಿನಲ್ಲಿ ಉಳಿತಾಯವನ್ನೂ ಮಾಡಿ, ಅವನ ಮನೆಯ ಬೀಗದ ಕೈಯನ್ನೂ ಕೇಳುವುದು ವ್ಯಾಪಾರವಾದೀತು, ನ್ಯಾಯವಾಗದು.

ನೌಕರನ ಹೊಣೆಯೂ ಕಡಮೆಯದಲ್ಲ. ಇತರರ ಗುಟ್ಟು ತನ್ನ ಜೇಬಿನಲ್ಲಿದೆಯೆಂಬ ಎಚ್ಚರ ಅವನಿಗಿರಬೇಕು. ಫೋನು ಕಳೆದ ಗಳಿಗೆಯಲ್ಲೇ ತಿಳಿಸುವ ಧೈರ್ಯವೂ ಇರಬೇಕು. ಅಂಥ ಧೈರ್ಯ ಬರುವುದು ಹೇಳಿದರೆ ಶಿಕ್ಷೆಯಾಗುವುದಿಲ್ಲವೆಂಬ ನಂಬಿಕೆಯಿಂದ. ಹೆದರಿದವನು ಮುಚ್ಚಿಡುತ್ತಾನೆ, ಮುಚ್ಚಿಟ್ಟ ಒಂದು ದಿನದಲ್ಲಿ ಕಳ್ಳನು ತನ್ನ ಕೆಲಸವನ್ನು ಮುಗಿಸಿರುತ್ತಾನೆ. ಬೇಲಿ ಹೊಲಕ್ಕೆ ಬೇಕು. ಅದು ಎದ್ದು ಹೊಲ ಮೇಯತೊಡಗಿದರೆ ಪೈರೂ ಉಳಿಯದು, ಬೇಲಿಯ ಮೇಲಿನ ನಂಬಿಕೆಯೂ ಉಳಿಯದು.